ಯಾರ ಒಪ್ಪಿಗೆ

ಅಜನಿ ರೈಲ್ವೆ ಕ್ವಾರ್ಟರ್ಸ್, ನಾಗಪುರ
೧೨ ನವೆಂಬರ್ ೨೦೨೪

ಪ್ರೀತಿಯ ಸತ್ಯಕ್ಕನಿಗೆ ನಿನ್ನ ತಂಗಿ ಸ್ವಪ್ನಾಳ ನಮಸ್ಕಾರ.

ಬೇಸರ ಮಾಡಿಕೊಳ್ಳಬೇಡ. ನೀನು ಫೋನು ಮಾಡಿದಾಗಲೆಲ್ಲ "ಆರಾಮ ಅದೀನಿ" ಎಂದು ಇಟ್ಟುಬಿಟ್ಟೆ. ಬಾಣಂತನಕ್ಕೆ ಬಂದ ಅತ್ತೆ ಪಕ್ಕದಲ್ಲೇ ಇರುತ್ತಾರೆ, ಬಿಚ್ಚಿ ಮಾತಾಡಲಾಗುವುದಿಲ್ಲ. ಈಗ ಅವರು ಕೂಸಿಗೆ ಎಣ್ಣೆ ಹಚ್ಚುತ್ತಿದ್ದಾರೆ. ಪ್ರೇಕ್ಷಾ ಎಂದು ಹೆಸರಿಟ್ಟಿದ್ದೇವೆ. ಕಿವಿ ಥೇಟ್ ನಿನ್ನವೇ.

ಹೆರಿಗೆಯ ಸಂಗತಿ ನಿನಗೆ ಅರ್ಧ ಮಾತ್ರ ಗೊತ್ತು. ಬೆಳಿಗ್ಗೆ ನೋವು ಶುರುವಾಯಿತೆಂದು ಆಸ್ಪತ್ರೆಗೆ ಹೋದೆವು. ಮಧ್ಯಾಹ್ನ ಡಾಕ್ಟರ್ ಬಂದು, "ಸಿಸೇರಿಯನ್ ಮಾಡಿ ಮುಗಿಸೋಣ" ಎಂದು ಬಾಗಿಲಲ್ಲಿ ನಿಂತಿದ್ದ ಇವರಿಗೆ ಹಿಂದಿಯಲ್ಲಿ ಹೇಳಿದರು. ನನ್ನ ಕಡೆ ನೋಡಲೂ ಇಲ್ಲ.

ನಾನೇ ಕೇಳಿದೆ. "ಕೂಸಿನ ಎದೆಬಡಿತ ಸರಿ ಇದೆಯಾ?"

"ಠೀಕ್ ಹೈ."

"ನನಗೆ ಏನಾದರೂ ಅಪಾಯ?"

"ಸದ್ಯಕ್ಕಿಲ್ಲ."

"ಹಾಗಾದರೆ ಕಾಯುತ್ತೇನೆ. ಅಪಾಯ ಕಂಡರೆ ಹೇಳಿ, ಆಗ ಬೇಡ ಅನ್ನುವುದಿಲ್ಲ."

ಇವರು ಹತ್ತಿರ ಬಂದು, "ಡಾಕ್ಟರ್ ಜೋಡಿ ಯಾಕ ಹಠಾ ಮಾಡ್ತಿ?" ಎಂದು ಪಿಸುಗುಟ್ಟಿದರು. ಡಾಕ್ಟರ್ ಮುಖ ಬಿಗಿದುಕೊಂಡು ಹೋದರು. ಆದರೂ ಆಗಾಗ ತಾವೇ ಬಂದು ಎದೆಬಡಿತ ನೋಡುತ್ತಿದ್ದರು. ಅದನ್ನು ಮರೆಯಬಾರದು. ನಮ್ರತಾ ಎಂಬ ನರ್ಸ್ ನನ್ನ ತೋಳು ಹಿಡಿದು ವರಾಂಡದಲ್ಲಿ ನಡೆಸಿದಳು. ಸಂಜೆ ಕೂಸು ತಾನಾಗಿಯೇ ಬಂತು. ಅದನ್ನು ನನ್ನ ಎದೆಯ ಮೇಲೆ ಮಲಗಿಸುತ್ತ ಡಾಕ್ಟರ್, "ಹಠಮಾರಿ!" ಎಂದು ನಕ್ಕರು. ನಾನೂ ನಕ್ಕೆ. ಅವತ್ತು ನಾನು ಗೆದ್ದೆನೆಂದೇ ತಿಳಿದಿದ್ದೆ, ಅಕ್ಕ.

ಭಾವನವರಿಗೆ ನಮಸ್ಕಾರ ತಿಳಿಸು. ನಿನ್ನ ಮಗ ಗುರುವಿಗೆ ಚಿಕ್ಕಮ್ಮನ ಆಶೀರ್ವಾದ. ನನ್ನ ಕೂಸಿಗೆ ನಿನ್ನ ಹರಕೆಯಿರಲಿ.

ನಿನ್ನ
ಸ್ವಪ್ನಾ

ಮರೆತಿಲ್ಲ, ಕೊನೆಗೆ ಉಳಿಸಿಕೊಂಡೆ: ಕಳೆದ ವಾರ ತಪಾಸಣೆಗೆ ಹೋದಾಗ ನಮ್ರತಾ, "ಕಾಪರ್-ಟಿಯಿಂದ ತ್ರಾಸ ಇಲ್ಲವಲ್ಲ?" ಎಂದು ಕೇಳಿದಳು. ನನಗೆ ತಿಳಿಯಲೇ ಇಲ್ಲ. ಹೆರಿಗೆಯಾದ ಕೂಡಲೇ, ಹೊಲಿಗೆ ಹಾಕುತ್ತಿದ್ದಾರೆಂದು ನಾನು ಹಲ್ಲು ಕಚ್ಚಿ ಮಲಗಿದ್ದಾಗ, ಮತ್ತೆ ಬಸಿರು ನಿಲ್ಲದಂತೆ ಅದನ್ನೂ ಒಳಗೆ ಹಾಕಿದ್ದರಂತೆ. "ನಿನ್ನ ಗಂಡನನ್ನು ಕೇಳಿದ್ದೆನಲ್ಲ" ಎಂದರು ಡಾಕ್ಟರ್.

ಮನೆಗೆ ಬಂದು ಕೇಳಿದರೆ ಇವರು, "ನೀ ನೋವಿನಾಗ ಇದ್ದಿ, ನಿನಗೇನು ಕೇಳೂದು ಅಂತ ನಾನೇ ಹೂಂ ಅಂದೆ" ಎಂದರು. ಇವರು ಕೆಟ್ಟವರಲ್ಲ ಅಕ್ಕ. ಕೂಸಿನ ಬಟ್ಟೆಯನ್ನೆಲ್ಲ ಇವರೇ ಒಗೆಯುತ್ತಾರೆ. ಅದಕ್ಕೇ ಹೆಚ್ಚು ನೋಯುತ್ತದೆ.

ನಿನ್ನೆ ಅದನ್ನು ತೆಗೆಸಲು ಆಸ್ಪತ್ರೆಗೆ ಒಬ್ಬಳೇ ಹೋದೆ. "ಗಂಡನನ್ನು ಕರೆದುಕೊಂಡು ಬಾ" ಎಂದರು ಡಾಕ್ಟರ್. ನಾನು ಕುರ್ಚಿ ಬಿಟ್ಟು ಏಳಲಿಲ್ಲ. ಕೊನೆಗೆ ತೆಗೆದರು.

ಈಗಲೇ ಇನ್ನೊಂದು ಕೂಸು ನನಗೂ ಬೇಡ. ಕೇಳಿದ್ದರೆ ನಾನೂ ಹೂಂ ಅನ್ನುತ್ತಿದ್ದೆ.