ಊಟಕ್ಕೆ ಕರೆದ ಸರ್ವರ್

ಕೊಪ್ಪ, ಸೋಮವಾರ

ಜೇನು ಸಂಘದ ಅಧ್ಯಕ್ಷರಾದ ಶೇಷಪ್ಪನವರಿಗೆ, ಕಂಪ್ಯೂಟರ್ ಆಪರೇಟರ್ ನಿಶ್ಚಿತಾ ಮಾಡುವ ನಮಸ್ಕಾರಗಳು.

ಈಮೇಲ್ ಕೆಟ್ಟಿರುವುದರಿಂದ ಇದನ್ನು ನಿಮ್ಮೂರು ಕಿಗ್ಗದ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸುತ್ತಿದ್ದೇನೆ. ಸಂಘದ ಸರ್ವರಿನಲ್ಲಿ ಸ್ಪ್ಯಾಮ್ ಎಂಬ ಕಸದ ಮೇಲ್ ಸೋಸುವ ಸಾಫ್ಟ್‌ವೇರ್ ಕಳೆದ ಒಂದು ವಾರದಲ್ಲಿ ಹನ್ನೊಂದು ಸಲ ನಿಂತುಹೋಯಿತು. ಮಿಷನ್ ಹಳತಾಯಿತು ಎಂದು ನೀವು ಬೈಯುತ್ತೀರಿ. ತಪ್ಪು ಮಿಷನ್ನಿನದಲ್ಲ.

ಅದು ತಡೆದ ಮೇಲ್‌ಗಳನ್ನು ನಾನು ತೋರಿಸಿದ ದಿನ ನೀವು, "ಬಂದವ್ರನ್ನ ಹಂಗೇ ಬಾಗ್ಲಲ್ಲಿ ನಿಲ್ಸ್ತಾರೇನೇ ಮಾರಾಯ್ತಿ? ಎಲ್ರಿಗೂ ಉತ್ತರ ಹೋಗ್ಲಿ, ಊಟಕ್ಕೆ ಕರಿ" ಎಂದಿರಿ. ಅದರಂತೆ, ಬಂದ ಪ್ರತಿ ಮೇಲ್‌ಗೂ "ಪತ್ರ ತಲುಪಿತು. ಮನೆಗೆ ಊಟಕ್ಕೆ ಬನ್ನಿ. ಶೇಷಪ್ಪ" ಎಂಬ ಉತ್ತರ ತಾನಾಗಿಯೇ ಹೋಗುವಂತೆ ಮಾಡಿದೆ. ಆದರೆ ಲಾಟರಿ ಹೊಡೆದಿದೆ ಎಂದು ಬರೆಯುವವರ ವಿಳಾಸಗಳೆಲ್ಲ ಸುಳ್ಳು. ಹಾಗಾಗಿ ನಮ್ಮ ಉತ್ತರ ವಾಪಸ್ ಬರುತ್ತದೆ. ವಾಪಸ್ ಬಂದ ಉತ್ತರವನ್ನೂ ಸರ್ವರ್ ಊಟಕ್ಕೆ ಕರೆಯುತ್ತದೆ. ಅದೂ ವಾಪಸ್ ಬರುತ್ತದೆ. ನಿನ್ನೆ ಹೀಗೆ ನಲವತ್ತು ಸಾವಿರ ಸಲ ಕರೆದು, ಬಂದದ್ದನ್ನೆಲ್ಲ ಸೋಸಲಾಗದೆ ಮಲಗಿಬಿಟ್ಟಿತು.

ಈ ಉಪಚಾರ ನಿಲ್ಲಿಸಲು ದಯವಿಟ್ಟು ಅಪ್ಪಣೆ ಕೊಡಿ.

ಇನ್ನೊಂದು ಸಣ್ಣ ವಿಷಯ. ಮುಂದಿನ ವಾರ ನನ್ನ ಮದುವೆ. ರಜೆ ಅರ್ಜಿಯನ್ನು ನಿಮಗೆ ಮೂರು ಸಲ ಮೇಲ್ ಮಾಡಿದೆ. ಮೂರು ಸಲವೂ ಊಟಕ್ಕೆ ಬನ್ನಿ ಎಂದೇ ಉತ್ತರ ಬಂತು.

ಅರ್ಜಿ ಹಿಡಿದುಕೊಂಡು ನಾಳೆ ಮಧ್ಯಾಹ್ನದ ಬಸ್ಸಿಗೆ ನಿಮ್ಮ ಮನೆಗೆ ಬರುತ್ತಿದ್ದೇನೆ. ಅನ್ನ, ತಂಬುಳಿ ಇದ್ದರೆ ಸಾಕು. ಎಲೆಯ ಪಕ್ಕದಲ್ಲಿ ಒಂದು ಪೆನ್ನು ಇಟ್ಟಿರಿ.

ಇತಿ, ನೀವೇ ಕರೆದ
ನಿಶ್ಚಿತಾ