ಒಂಬತ್ತು ಸಾವಿರ ಮಂದಿ ಮೆಚ್ಚಿದ ಆಟ

ಗದಗ ಕೂಟಮನೆ,
ಫೆಬ್ರವರಿ 31, 2291

ಹಿಂದಿನ ಕಾಲದ ಬಂಧುಗಳೇ,

ತಾರೀಖು ನೋಡಿ ನಗಬೇಡಿ. ಕ್ಯಾಲೆಂಡರ್ ತಿದ್ದಿ ಎಪ್ಪತ್ತು ವರ್ಷವಾಯಿತು. ಈಗ ಫೆಬ್ರವರಿಗೂ ಮೂವತ್ತೊಂದು ದಿನ. ನನ್ನ ಮಾತು ಅಲ್ಲಲ್ಲಿ ವಿಚಿತ್ರವೆನಿಸಿದರೆ ಕ್ಷಮಿಸಿ. ಹಿಂದೋಲೆ, ಎಂದರೆ ಕಾಲದಲ್ಲಿ ಹಿಂದಕ್ಕೆ ಹೋಗುವ ಕಾಗದ, ನಮ್ಮಲ್ಲಿ ಒಬ್ಬೊಬ್ಬರಿಗೆ ಜೀವಮಾನದಲ್ಲಿ ಒಂದೇ ಸಲ ಸಿಗುತ್ತದೆ. ಹೆಚ್ಚಿನವರು ತಮ್ಮ ಪೂರ್ವಜರಿಗೆ ಬರೆಯುತ್ತಾರೆ. ನಾನು ಒಂದು ಆಟದ ಸಲುವಾಗಿ ಬರೆಯುತ್ತಿದ್ದೇನೆ.

ನಾನು ಇಲ್ಲಿನ ಕೂಟಮನೆಯ ಮೇಲ್ವಿಚಾರಕಿ. ಮೇಜಿನ ಸುತ್ತ ಕುಳಿತು, ಒಬ್ಬೊಬ್ಬರೂ ಒಂದೊಂದು ಪಾತ್ರವಾಗಿ, ಬಾಯಿಮಾತಿನಲ್ಲೇ ಕಥೆ ಕಟ್ಟುವ ಆಟವನ್ನು ನಾವು ಕೂಟದಾಟ ಎನ್ನುತ್ತೇವೆ. ನಿಮ್ಮ ಕಾಲದಲ್ಲೂ ಇತ್ತಂತೆ. ನಮ್ಮಲ್ಲಿ ಹನ್ನೆರಡು ಮೇಜುಗಳಿವೆ. ಹನ್ನೊಂದರಲ್ಲಿ ಸದಾ ‘ಕೋಟೆಗಲಿ’ ನಡೆಯುತ್ತದೆ. ಕೋಟೆ, ಕತ್ತಿ, ದಾಳ, ಜಯಕಾರ. ಅದನ್ನು ಹೀಗಳೆಯಲಾರೆ. ನಾನು ಆಟ ಕಲಿತದ್ದೇ ಅದರಲ್ಲಿ. ಬೇರೆ ಊರಿನಿಂದ ಬಂದವರು ಕೂಡ ಎರಡು ನಿಮಿಷದಲ್ಲಿ ಯಾವುದೋ ಮೇಜಿಗೆ ಸೇರಿಕೊಂಡು ಗೆಳೆಯರಾಗುತ್ತಾರೆ. ಎಲ್ಲರಿಗೂ ಗೊತ್ತಿರುವ ಆಟಕ್ಕೆ ಆ ಶಕ್ತಿ ಇದ್ದೇ ಇದೆ. ನನ್ನ ಕಳವಳ ಹನ್ನೆರಡನೆಯ ಮೇಜಿನದು.

ಆರು ವರ್ಷದ ಹಿಂದೆ ಹುಸೇನಬಿ ನದಾಫ ಎಂಬ ನಿವೃತ್ತ ಶಿಕ್ಷಕಿ ತಾವೇ ಬರೆದ ಒಂದು ಆಟ ತಂದುಕೊಟ್ಟರು. ಹೆಸರು ‘ಮಾತು ಬಿಟ್ಟವರು’. ನಾಲ್ವರು ಒಡಹುಟ್ಟಿದವರು ಒಂದೇ ರೈಲಿನಲ್ಲಿ, ತೀರಿಕೊಂಡ ತಾಯಿಯ ಮಣ್ಣಿಗೆ ಹೊರಟಿದ್ದಾರೆ. ವರ್ಷಗಟ್ಟಲೆ ಅವರಿಗೆ ಮಾತಿಲ್ಲ. ಆಟದಲ್ಲಿ ದಾಳವಿಲ್ಲ, ಶತ್ರುವಿಲ್ಲ. ಎದುರಿನವನು ಎಂದೋ ನಿಮಗೆ ಮಾಡಿದ ಒಂದು ಉಪಕಾರವನ್ನು ನೆನೆದು ಬಾಯಿಬಿಟ್ಟು ಹೇಳುವ ತನಕ ಅವನೊಡನೆ ಮಾತಾಡುವಂತಿಲ್ಲ. ನಾನು ಒಮ್ಮೆ ಆಡಿದೆ. ಮರುದಿನ ಬೆಳಿಗ್ಗೆ ಎದ್ದವಳೇ ಅಣ್ಣಿಗೇರಿಗೆ ಹೋಗಿ, ಒಂಬತ್ತು ವರ್ಷದಿಂದ ಮುಖ ನೋಡದಿದ್ದ ನನ್ನ ತಂಗಿ ಅಂಬಿಕಾಳ ಬಾಗಿಲು ತಟ್ಟಿದೆ. ಅಂಥ ಆಟ ಅದು.

ಆದರೆ ಮೊದಲ ವರ್ಷ ಆಡಿದವರು ಎಂಟೇ ಮಂದಿ. ಆಟಗಳನ್ನು ನೋಡಿಕೊಳ್ಳುವ ಮಂಡಳಿಯ ನಿಯಮವೆಂದರೆ, ವರ್ಷಕ್ಕೆ ಐನೂರು ಮಂದಿ ಆಡದ ಆಟ ಕಪಾಟಿನಲ್ಲಿ ಇರುವಂತಿಲ್ಲ. ಕಾಗದ ನಮ್ಮಲ್ಲಿ ಅಪರೂಪ. ಇಳಿಸಿದ ಆಟವನ್ನು ಅರೆದು ಹೊಸ ಹಾಳೆ ಮಾಡುತ್ತಾರೆ. ಆಟ ಉಳಿಯಲಿ ಎಂದೇ ನಾನು ಅದನ್ನು ತಿದ್ದಿದೆ. ಆಡಿದವರು ಮೌನ ಬೇಸರವೆಂದರು, ತೆಗೆದೆ. ರೈಲಿಗೆ ದರೋಡೆಕೋರರನ್ನು ಹತ್ತಿಸಿದೆ. ದಾಳ ಸೇರಿಸಿದೆ. ಹೆಸರನ್ನು ‘ರೈಲು ದರೋಡೆ’ ಎಂದು ಬದಲಿಸಿದೆ. ಒಂದೇ ವರ್ಷದಲ್ಲಿ ಒಂಬತ್ತು ಸಾವಿರ ಮಂದಿ ಆಡಿದರು. ಒಂದು ಆಟಕ್ಕೆ ಒಂದೇ ಪ್ರತಿ ಎಂಬ ನಿಯಮದಂತೆ, ಹಳೆಯದನ್ನು ಅರೆಯಲು ಸಹಿ ಹಾಕಿದವಳೂ ನಾನೇ.

ಆಗ ಹುಸೇನಬಿಯವರು ಕಾಯಿಲೆ ಬಿದ್ದಿದ್ದರು. ಚೇತರಿಸಿಕೊಂಡು ಬಂದ ದಿನ ಹನ್ನೆರಡನೆಯ ಮೇಜಿನ ಸುತ್ತ ಕೇಕೆ, ಚಪ್ಪಾಳೆ. ಅವರು ಬಹಳ ಹೊತ್ತು ನಿಂತು ನೋಡಿದರು.

“ಮಂದಿ ಛಲೋ ನಗಾಕತ್ತಾರ,” ಎಂದರು. “ಇದು ಯಾರ ಆಟ?”

“ನಿಮ್ದ ರೀ, ಟೀಚರ್.”

“ನಂದಾ?” ಅವರು ನನ್ನ ಮುಖವನ್ನೇ ನೋಡಿದರು. “ಹಂಗಾರ ನಾ ಬರದ್ದು ಎಲ್ಲಿ ಐತಿ? ಅದನ್ನ ಕೊಡವಾ.”

ನಿಜ ಹೇಳಿದೆ. ಅವರು ಬೈಯಲಿಲ್ಲ. ಕುರ್ಚಿ ಎಳೆದುಕೊಂಡು ಕುಳಿತು ನೀರು ಕೇಳಿದರು. ಬೈದಿದ್ದರೆ ನನಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ.

ಅವರಿಗೀಗ ಎಂಬತ್ತೊಂದು. ನೆನಪು ಸೋರುತ್ತಿದೆ. ನಾನು, ಹಿಂದೆ ಈ ಆಟ ಆಡಿದ್ದ ಇಬ್ಬರನ್ನು ಕರೆದುಕೊಂಡು, ಪ್ರತಿ ಮಧ್ಯಾಹ್ನ ಅವರ ಮನೆಗೆ ಹೋದೆ. ಒಬ್ಬರಿಗೆ ಹೊಳೆದದ್ದು ಇನ್ನೊಬ್ಬರಿಗಿಲ್ಲ. ಜಗಳವಾಡಿ, ಅಳಿಸಿ, ಮತ್ತೆ ಬರೆದು, ಹತ್ತು ನಿಯಮಗಳನ್ನು ಹೇಗೋ ಕೂಡಿಸಿದೆವು. ಹನ್ನೊಂದನೆಯದು, ಆಟ ಮುಗಿಯುವುದು ಹೇಗೆ ಎಂಬುದು, ಯಾರಿಗೂ ನೆನಪಾಗಲಿಲ್ಲ.

“ನನಗೂ ಹೊಳೀವಲ್ದು,” ಎಂದರು ಹುಸೇನಬಿ. “ಆಡೂಣು. ಆಮ್ಯಾಲೆ ನೋಡಿದ್ರಾತು.”

ಕಳೆದ ವಾರ ನಾವು ನಾಲ್ವರೂ ಆಡಿದೆವು. ಎರಡು ತಾಸು ಕಳೆದರೂ ನಿಲ್ಲಿಸುವುದು ಹೇಗೆಂದು ತಿಳಿಯಲಿಲ್ಲ. ನನಗೆ, ಇನ್ನೊಂದು ನಿಮಿಷ ಕಳೆದರೆ ಆಟ ಹಾಗೇ ಸತ್ತುಹೋಗುತ್ತದೆ ಎಂಬ ದಿಗಿಲು. ಅಷ್ಟರಲ್ಲಿ ಹುಸೇನಬಿಯವರು ಮೇಜಿಗೆ ಕೈಯೂರಿ ಎದ್ದರು. ಆಟದಲ್ಲಿ ಅವರೇ ಹಿರಿಯಕ್ಕ.

“ಊರು ಬಂತು,” ಎಂದರು. “ಇಳೀರಿ. ಅವ್ವ ಕಾಯಾಕತ್ತಾಳ.”

ನಾವು ಮೂವರೂ ಎದ್ದು ನಿಂತೆವು. ಯಾರ ಕಣ್ಣನ್ನು ಯಾರೂ ನೋಡಲಿಲ್ಲ. ಅದು ಅವರ ಹಳೆಯ ನಿಯಮವೋ, ಆ ಕ್ಷಣಕ್ಕೆ ಬಂದ ಮಾತೋ ಇಂದಿಗೂ ಗೊತ್ತಿಲ್ಲ. ಕೇಳಿದರೆ, “ಯಾವ ಆಟವಾ?” ಎಂದು ಅವರೇ ಕೇಳುತ್ತಾರೆ. ಅದನ್ನೇ ಹನ್ನೊಂದನೆಯದಾಗಿ ಬರೆದಿದ್ದೇನೆ.

ಈಗ ಅದನ್ನು ಬೇರೆಯೇ ಆಟವೆಂದು ಮತ್ತೆ ಕಪಾಟಿಗೆ ಸೇರಿಸಬೇಕು. ಮಂಡಳಿಯವರು ಲೆಕ್ಕಕ್ಕೆ ಬರಲು ನಲವತ್ತು ದಿನವಿದೆ. ಆಡಿದವರು ನಾಲ್ಕು ಮಂದಿ. ಐನೂರು ಮಾಡುವುದು ಹೇಗೆಂದು ನನಗೆ ಚೆನ್ನಾಗಿ ಗೊತ್ತು. ಎರಡು ನಿಯಮ ಸಡಿಲಿಸಿದರೆ ಸಾಕು, ಒಂದು ಸಣ್ಣ ದಾಳ ಸಾಕು. ನಿನ್ನೆ ಮಧ್ಯಾಹ್ನ ಪೆನ್ನು ಹಿಡಿದು ಮೂರನೆಯ ನಿಯಮದ ಪಕ್ಕದಲ್ಲಿ ಒಂದು ಗೆರೆ ಎಳೆದೂ ಬಿಟ್ಟಿದ್ದೆ. ಎಲ್ಲವೂ ಆಟದ ಒಳ್ಳೆಯದಕ್ಕೇ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ನನಗೆ ಮಂಡಳಿಗಿಂತ ನನ್ನ ಕೈಯದೇ ಭಯ.

ಆದ್ದರಿಂದ ಹನ್ನೊಂದು ನಿಯಮಗಳನ್ನೂ ಈ ಓಲೆಯ ಹಿಂಬದಿಯಲ್ಲಿ ಬರೆದು, ನನ್ನ ಕೈಗೆ ಎಟುಕದ ನಿಮ್ಮ ಕಾಲಕ್ಕೆ ಕಳಿಸುತ್ತಿದ್ದೇನೆ. ನಾಲ್ವರು ಸಿಕ್ಕರೆ ಆಡಿ. ಬೇಸರವಾದರೆ ಬೇಸರಪಟ್ಟುಕೊಂಡೇ ಆಡಿ. ಮುಂದೆ ಎಂದಾದರೂ ಶಾಂಭವಿ ಮುದೇನೂರ ಎಂಬ ಹೆಂಗಸು ತಿದ್ದಿಕೊಡುತ್ತೇನೆ ಎಂದು ಕೇಳಿದರೆ, ದಯವಿಟ್ಟು ಕೊಡಬೇಡಿ.

ನಿಮ್ಮವಳೇ,
ಶಾಂಭವಿ ಮುದೇನೂರ