ಅಂಟು ಹಿಡಿಯುವ ತನಕ

ಯಲಹಂಕ ಹಳೇ ಊರು
24 ಸೆಪ್ಟೆಂಬರ್ 2025

ಮಾಕಳಿಯಲ್ಲಿ ಅಕ್ಕನ ಕೈಯಡುಗೆ ಉಂಡುಕೊಂಡು ಸುಖವಾಗಿರುವ ನಮ್ಮ ಯಜಮಾನರಿಗೆ ಕಲಾವತಿ ಮಾಡುವ ನಮಸ್ಕಾರಗಳು.

ಫೋನಿದ್ದೂ ಕಾಗದ ಬರೆಯುತ್ತಿದ್ದಾಳಲ್ಲ ಎಂದು ನಗಬೇಡಿ. ಫೋನಿನಲ್ಲಿ ನೀವು ಎರಡು ಸಲ ‘ಹ್ಞೂ’ ಎನ್ನುತ್ತೀರಿ, ಮೂರನೆಯದಕ್ಕೆ ‘ಅಕ್ಕಂಗೆ ಕೊಡ್ತೀನಿ ಇರು’ ಎನ್ನುತ್ತೀರಿ. ವರಲಕ್ಷ್ಮಮ್ಮ ಅತ್ತಿಗೆಯವರ ಹತ್ತಿರ ಸಾರಿನ ಪುಡಿಯ ವಿಚಾರ ಎಷ್ಟು ದಿನ ಮಾತಾಡಲಿ? ಅದಕ್ಕೇ ನಮ್ಮ ಬಾಣಗಳಿಗೆ ಹಿತ್ತಾಳೆ ಮೊನೆ ಕಡೆದುಕೊಡುವ ಮುಜಫ್ಫರ್ ಭಾಯ್ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ. ಗೊರಗುಂಟೆಪಾಳ್ಯದ ಅಂಗಡಿ ಮುಚ್ಚಿ ಮನೆಗೆ ಹೋಗುವಾಗ ನಿಮಗೆ ತಲುಪಿಸುತ್ತಾರೆ.

ಸಮಾಚಾರ ಏನೆಂದರೆ, ಚಿಕ್ಕಜಾಲದಲ್ಲಿ ಮಕ್ಕಳಿಗೆ ಬಿಲ್ಲುವಿದ್ಯೆ ಕಲಿಸುವ ಶಿವಪುತ್ರ ಮೇಷ್ಟ್ರು ಬಂದಿದ್ದರು. ವಿಜಯದಶಮಿಯ ದಿನ ಅವರಲ್ಲಿ ಕಾರ್ಬನ್ ಬಾಣ ಮುಟ್ಟುವುದಿಲ್ಲವಂತೆ, ಮರದ್ದೇ ಆಗಬೇಕಂತೆ. ‘ಪಾದ ಕಟ್ಟಿದ್ದು ಕೊಡಿ ಅಮ್ಮ, ನಿಮ್ಮನೇದಾದ್ರೆ ಮುರಿಯಲ್ಲ’ ಎಂದರು. ಹೊಗಳಿಕೆಗೆ ಉಬ್ಬಿ ಒಪ್ಪಿಕೊಂಡುಬಿಟ್ಟೆ. ಈಗ ತಲೆಯ ಮೇಲೆ ಕೈ ಹೊತ್ತು ಕೂತಿದ್ದೇನೆ.

ಬಾಣದ ತಲೆಯ ಕಡೆ ಇರುವ ತುಂಡಿಗೆ ಪಾದ ಎನ್ನುವುದು ಯಾವ ನ್ಯಾಯ ಎಂದು ಮದುವೆಯಾದ ಹೊಸದರಲ್ಲಿ ಕೇಳಿದ್ದೆ, ನೆನಪಿದೆಯೇ? ಅದಕ್ಕೆ ನೀವು ಒಂದು ಮುರಿದ ಬಾಣ ತಂದು ನನ್ನ ಕೈಗಿಟ್ಟಿರಿ. ಪೀಣ್ಯದ ಪ್ಯಾಕಿಂಗ್ ಪೆಟ್ಟಿಗೆಯ ಪೈನ್ ಮರ ಹಗುರ, ನೆಟ್ಟಗೆ ಹಾರುತ್ತದೆ. ಆದರೆ ಗುರಿ ತಪ್ಪಿ ಕಲ್ಲಿಗೆ ತಗುಲಿದರೆ ಮೊನೆಯ ಹಿಂದೆಯೇ ಪಟ್ಟನೆ ಮುರಿಯುತ್ತದೆ. ಅದಕ್ಕೆ ಮುಂದುಗಡೆ ಗೇಣುದ್ದ ಜಾಲಿ ಮರ ಬೇಕು, ಅದೇ ಪಾದ. ಜಾಲಿಯ ಬಾಯಿ ಸೀಳಿ, ಪೈನಿನ ತುದಿಯನ್ನು ಬೆಣೆಯ ಹಾಗೆ ಹೆರೆದು ಒಳಗೆ ಕೂರಿಸಿ, ಅಂಟು ಸವರಿ ದಾರ ಬಿಗಿಯಬೇಕು. ಆ ಜಾಲಿಗಾಗಿ ನೀವು ಮಾವನವರ ಎತ್ತಿನ ಗಾಡಿಯ ಚಕ್ರವನ್ನೇ ಬಿಚ್ಚಿದಿರಿ. ಹೊಲ ಹೋಯಿತು, ಎತ್ತು ಹೋದವು, ಗಾಡಿಯಾದರೂ ಎಲ್ಲಾದರೂ ಓಡಾಡಲಿ ಎಂದು ಮಾವ ನಕ್ಕಿದ್ದರು.

ಹಾಗೆ ಬಿಚ್ಚಿದ ವಾರವೇ ನೀವು ಶೆಡ್ಡಿನಿಂದ ‘ಒಂದ್ನಿಮಿಷ ಹಿಡ್ಕೊ ಬಾರೆ’ ಎಂದು ಕೂಗಿದ್ದು. ಸಾರನ್ನು ಒಲೆಯ ಮೇಲೇ ಬಿಟ್ಟು ಬಂದೆ. ಅಂಟು ಹಿಡಿಯುವ ತನಕ ಕೈ ಬಿಡುವ ಹಾಗಿಲ್ಲ ಎಂದು ನೀವು ಹೇಳಿದ್ದು ನಾನು ಹಿಡಿದುಕೊಂಡ ಮೇಲೆ. ಸಾರು ಬತ್ತಿ ತಳ ಹಿಡಿಯಿತು. ಆವತ್ತು ಅದನ್ನೇ ‘ಚೆನ್ನಾಗೈತೆ’ ಎಂದು ಉಂಡಿರಿ, ಸುಳ್ಳುಗಾರರು.

ಆಮೇಲೆ ನಮ್ಮ ಮಾತೆಲ್ಲ ಅಲ್ಲೇ ಆಯಿತಲ್ಲವೇ? ನಾನು ಹಿಡಿಯುವುದು, ನೀವು ದಾರ ಸುತ್ತುವುದು, ಆಮೇಲೆ ಇಬ್ಬರೂ ಒತ್ತಿ ಹಿಡಿದುಕೊಂಡು ಕೂರುವುದು. ಆಗ ಶೆಡ್ಡಿನ ಕಿಟಕಿಯಿಂದ ದ್ರಾಕ್ಷಿ ತೋಟ ಕಾಣುತ್ತಿತ್ತು, ಈಗ ಯಾರದೋ ಬಾಲ್ಕನಿಯ ಬಟ್ಟೆ ಕಾಣುತ್ತದೆ. ಮಗಳಿಗೆ ಸುಮಾ ಎಂದು ಹೆಸರು ಗೊತ್ತುಮಾಡಿದ್ದು ಹಾಗೆ ಹಿಡಿದುಕೊಂಡೇ. ಮಾವ ತೀರಿಕೊಂಡಾಗ ಎಲ್ಲರೆದುರು ಕಲ್ಲಿನ ಹಾಗಿದ್ದವರು, ತಿಥಿ ಮುಗಿಸಿ ಶೆಡ್ಡಿಗೆ ಬಂದು ಒಂದು ಬಾಣ ಕಟ್ಟುತ್ತಾ ಅತ್ತಿರಿ. ಕಣ್ಣೊರೆಸಿಕೊಳ್ಳಲು ನಿಮ್ಮ ಕೈ ಖಾಲಿಯಿರಲಿಲ್ಲ, ನನ್ನದೂ ಇರಲಿಲ್ಲ. ನನ್ನ ಭುಜಕ್ಕೆ ಮುಖ ಒರೆಸಿಕೊಂಡಿರಿ. ಆ ಬಾಣವನ್ನು ನಾನು ಯಾರಿಗೂ ಕೊಡಲು ಬಿಡಲಿಲ್ಲ.

ಈ ಸಂಕ್ರಾಂತಿ ಕಳೆದ ಮೇಲೆ ನಡೆದದ್ದನ್ನು ನಾನು ಮರೆತಿಲ್ಲ. ನಿಮ್ಮ ಬಲಗೈ ನಡುಗಿ ಗರಗಸ ಜಾರಿತು, ಮಾವನವರ ಚಕ್ರದ ಒಳ್ಳೆಯ ತುಂಡೊಂದು ಉದ್ದಕ್ಕೆ ಸೀಳಿತು. ‘ಬಿಡಿ, ಇನ್ಮೇಲೆ ನಾನೇ ಕುಯ್ತೀನಿ’ ಎಂದೆ. ನೀವು ಗರಗಸ ಕೆಳಗಿಟ್ಟು, ಕೈ ತೊಳೆದು, ಅಂಗಿ ಹಾಕಿಕೊಂಡು, ನಾಲ್ಕು ದಿನ ಅಕ್ಕನ ಮನೆಯಲ್ಲಿದ್ದು ಬರುತ್ತೇನೆ ಎಂದು ಹೊರಟಿರಿ. ನಾನು ಹೇಳಿದ್ದು ತಪ್ಪೆಂದು ಈಗಲೂ ಅನ್ನಿಸುವುದಿಲ್ಲ. ನಡುಗುವ ಕೈಗೆ ಗರಗಸ ಕೊಟ್ಟು, ಬೆರಳು ಹೋದಮೇಲೆ ಅಯ್ಯೋ ಎನ್ನುವ ಹೆಂಡತಿ ನಾನಲ್ಲ. ಆದರೆ ನಾಲ್ಕು ದಿನ ಎಂದವರು ದಸರಾ ಬಂದರೂ ಬಂದಿಲ್ಲ. ಕೈಲಾಗದವನು ಮನೆಯಲ್ಲಿ ಯಾಕಿರಬೇಕು ಎಂದು ಅತ್ತಿಗೆಯವರ ಹತ್ತಿರ ಅಂದಿರಂತೆ. ಅದನ್ನು ಕೇಳಿ ನನಗೆ ಸಿಟ್ಟೂ ಬಂತು, ಅಳುವೂ ಬಂತು.

ಒಬ್ಬಳೇ ಕಟ್ಟಲು ಹೋಗಿ ಏನಾಯಿತು ಕೇಳಿ. ಬಾಣವನ್ನು ಮೊಣಕಾಲ ನಡುವೆ ಸಿಕ್ಕಿಸಿ, ದಾರದ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಸುತ್ತಿದೆ. ಪಾದ ಓರೆಯಾಗಿ ಕೂತಿತು, ತುಟಿಗೆಲ್ಲ ಅಂಟು. ಇದು ನಾಲ್ಕು ಕೈಯ ಕೆಲಸ. ಇಷ್ಟು ವರ್ಷ ನಾನು ಹಿಡಿದೆ, ನೀವು ಸುತ್ತಿದಿರಿ. ಇನ್ನು ಮೇಲೆ ನೀವು ಹಿಡಿಯಿರಿ, ನಾನು ಸುತ್ತುತ್ತೇನೆ. ಒತ್ತಿ ಹಿಡಿಯಲು ನಿಮ್ಮ ಎಡಗೈ ಸಾಕು, ಬಲಗೈ ನಡುಗಿದರೆ ಅದರ ಮೇಲೆ ನನ್ನ ಕೈಯಿರುತ್ತದೆ. ಬರುವ ಬುಧವಾರ ಆಯುಧಪೂಜೆ. ಮಂಗಳವಾರ ಬೆಳಿಗ್ಗೆಯೇ ಬಂದುಬಿಡಿ. ನೀವಿಲ್ಲದೆ ಈ ಬಾಣಗಳು ಮುಗಿಯುವುದಿಲ್ಲ.

ಈ ಕಾಗದವನ್ನು ಮಾತ್ರ ‘ಅಕ್ಕಂಗೆ ಕೊಡ್ತೀನಿ’ ಎನ್ನಬೇಡಿ.

ಇಂತಿ,
ಹಿಡಿದ ಕೈ ಬಿಡದ
ಕಲಾವತಿ

ಮ.ವಿ.: ಕಾಗದ ಮಡಿಸಿದ ಮೇಲೆ ಮನಸ್ಸು ಒಪ್ಪಲಿಲ್ಲ, ಅದಕ್ಕೇ ಮತ್ತೆ ಬಿಚ್ಚಿದೆ. ಆಷಾಢದಲ್ಲೇ ಮುಜಫ್ಫರ್ ಭಾಯ್ ನನಗೊಂದು ಕಬ್ಬಿಣದ ಕ್ಲಾಂಪ್ ಮಾಡಿಕೊಟ್ಟಿದ್ದಾರೆ. ಅದರಲ್ಲಿಟ್ಟು ತಿರುಪು ಬಿಗಿದರೆ ಪಾದ ಎಳ್ಳಷ್ಟೂ ಓರೆಯಾಗುವುದಿಲ್ಲ. ಶಿವಪುತ್ರ ಮೇಷ್ಟ್ರ ಬಾಣಗಳು ಹೋದ ವಾರವೇ ಮುಗಿದು ಅಟ್ಟದ ಮೇಲಿವೆ. ನೀವು ಬಂದು ಅವನ್ನು ಕಂಡು ಮತ್ತೆ ಅಂಗಿ ಹಾಕಿಕೊಂಡು ಹೊರಟರೆ ತಡೆದುಕೊಳ್ಳಲು ನನ್ನಿಂದಾಗುವುದಿಲ್ಲ, ಅದಕ್ಕೆ ಈಗಲೇ ಹೇಳಿಬಿಟ್ಟೆ. ಕೆಲಸಕ್ಕೆ ನಿಮ್ಮ ಕೈ ಬೇಕಿಲ್ಲ. ಆದರೆ ಆ ಕ್ಲಾಂಪಿನ ಪಕ್ಕ ಕೂತು ನಾನು ಯಾರೊಡನೆ ಮಾತಾಡಲಿ? ಪೂಜೆಗೆ ಇಡಲು ಒಂದು ಬಾಣವನ್ನು ಕಟ್ಟದೆ ಉಳಿಸಿದ್ದೇನೆ. ಮಂಗಳವಾರ ಒಲೆ ಆರಿಸಿಯೇ ಶೆಡ್ಡಿಗೆ ಬರುತ್ತೇನೆ.